ಸಾಕೇನ್ಲಾ?

ಕಂಟ್ರಿ ಮ್ಯೂಸಿಕ್ ಅಂದ್ರೆ ನನಗೆ ಗೊತ್ತಿದ್ದದ್ದು ಒಂದೇ ಹಾಡು. ಟೀಮ್ ಔಟಿಂಗ್ ಮುಗಿಸಿ ವಾಪಸ್ ಬರುವಾಗ ಯಾರೋ ಗಿಟಾರ್ ತೆಗೀತಾರೆ, ಇಡೀ ಬಸ್ಸು 'ಕಂಟ್ರಿ ರೋಡ್ಸ್' ಶುರು ಮಾಡುತ್ತೆ. ವೆಸ್ಟ್ ವರ್ಜೀನಿಯಾ ಎಲ್ಲಿದೆ ಅಂತ ಗೊತ್ತಿಲ್ಲದವರೂ ಕಣ್ಣು ಮುಚ್ಚಿಕೊಂಡು ಹಾಡ್ತಾರೆ, ನಾನೂ ಸೇರಿ. ಹಾಗಾಗಿ ಒಂದು ರಿಲೀಸ್ ರಾತ್ರಿ, ಬಿಲ್ಡ್ ಮುಗಿಯೋದನ್ನ ಕಾಯ್ತಾ ಇದ್ದಾಗ, ಕ್ಲೈಂಟ್ ಕಡೆಯ ಹಿರಿಯರೊಬ್ಬರು 'ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್' ಆಲ್ಬಮ್ ಕೇಳು ಅಂದ್ರೆ ಸುಮ್ಮನೆ ಹೂಂ ಅಂದಿದ್ದೆ.

ಕೇಳಿದ್ದು ಎಷ್ಟೋ ವಾರ ಆದಮೇಲೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ. ಹಾಡುಗಳ ಮಧ್ಯೆ ಯಾರೋ ತಂತಿ ಬಿಗಿ ಮಾಡ್ತಿದ್ದಾರೆ, ಯಾರೋ ಮಾತಾಡ್ತಿದ್ದಾರೆ. ಫೈಲೇ ಸರಿ ಇಲ್ಲ ಅನ್ಕೊಂಡೆ.

ಆಮೇಲೆ ಓದಿ ತಿಳ್ಕೊಂಡೆ. 1971ರ ಆಗಸ್ಟ್. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಅನ್ನೋ ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹುಡುಗರು ನ್ಯಾಶ್‌ವಿಲ್‌ಗೆ ಹೋಗಿ, ಹಳೇ ತಲೆಮಾರಿನವರನ್ನ ಒಂದೇ ಸ್ಟುಡಿಯೋಗೆ ಕರೆಸ್ತಾರೆ. ಬ್ಯಾಂಜೋಗೆ ಅರ್ಲ್ ಸ್ಕ್ರಗ್ಸ್, ಗಿಟಾರ್‌ಗೆ ಡಾಕ್ ವಾಟ್ಸನ್, ಮರ್ಲ್ ಟ್ರಾವಿಸ್, ಹಾಡೋಕೆ ರಾಯ್ ಏಕಫ್, ಜಿಮ್ಮಿ ಮಾರ್ಟಿನ್, ಮೇಬೆಲ್ ಕಾರ್ಟರ್. ಈ ಹುಡುಗರ ಕೂದಲು ನೋಡಿ ಏಕಫ್‌ಗೆ ಮೊದಲು ನಂಬಿಕೆಯೇ ಬರಲಿಲ್ಲವಂತೆ. ಹಾಡುಗಳನ್ನ ಕೂತು ನುಡಿಸಿದ ಹಾಗೇ ನೇರವಾಗಿ ಎರಡು ಟ್ರ್ಯಾಕ್ ಟೇಪಿಗೆ ಹಿಡಿದದ್ದು. ಆಮೇಲೆ ಮಿಕ್ಸ್ ಮಾಡಿ ಸರಿ ಮಾಡ್ತೀನಿ ಅನ್ನೋ ಹಾಗಿಲ್ಲ; ಸ್ಟೇಜಿಂಗ್ ಇಲ್ಲದೆ ಪ್ರೊಡಕ್ಷನ್‌ಗೆ ಹಾಕಿದ ಹಾಗೆ. 1972ರಲ್ಲಿ ಮೂರು ಎಲ್‌ಪಿಗಳಾಗಿ ಬಂತು.

ಮಾತನ್ನೂ ಬೇಕಂತಲೇ ಉಳಿಸಿಕೊಂಡಿದ್ದಾರೆ. ಡಾಕ್ ವಾಟ್ಸನ್ ಕಣ್ಣು ಕಾಣದ ಮನುಷ್ಯ, ಟ್ರಾವಿಸ್‌ನ ಗಿಟಾರ್ ಮೇಲಿನ ಪ್ರೀತಿಗೆ ಮಗನಿಗೆ ಮರ್ಲ್ ಅಂತ ಹೆಸರಿಟ್ಟವನು. ಇಬ್ಬರೂ ಮೊದಲ ಸಲ ಭೇಟಿ ಆಗಿದ್ದೇ ಇಲ್ಲಿ, ಆ ಮಾತುಕತೆಯೇ ಒಂದು ಟ್ರ್ಯಾಕ್. ಕಲ್ಲಿದ್ದಲ ಗಣಿ ಕೆಲಸಗಾರನ ಮಗ ಟ್ರಾವಿಸ್ ತಾನೇ ಬರೆದ ಗಣಿಯ ಹಾಡನ್ನ, ದೂರೋ ದನಿಯಲ್ಲಲ್ಲ, ಕಥೆ ಹೇಳೋ ದನಿಯಲ್ಲಿ ಹಾಡ್ತಾನೆ. ಮೇಬೆಲ್‌ಗೆ ಆಗ 62. ಹೆಬ್ಬೆರಳಲ್ಲಿ ಕೆಳಗಿನ ಸ್ವರದ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಲ್ಲಿ ತಾಳ. ಸತ್ತ ಅಮ್ಮನನ್ನ ಒಯ್ಯೋ ಗಾಡಿಯ ಆ ಶೀರ್ಷಿಕೆ ಹಾಡನ್ನ ಅವಳು ಒಂಚೂರೂ ಅಳಿಸೋ ಹಾಗೆ ಹಾಡಲ್ಲ. ಅವಳು ಎತ್ತಿಕೊಡ್ತಾಳೆ, ಪಲ್ಲವಿಗೆ ಇಡೀ ರೂಮು ಸೇರುತ್ತೆ.

ಸೋಬಾನೆ ಹೀಗೇ ಅಲ್ವಾ? ನಮ್ಮಜ್ಜಿ ಎತ್ತಿಕೊಡೋಳು, ಚಪ್ಪರದಲ್ಲಿದ್ದ ಹೆಂಗಸರೆಲ್ಲ ಸೊಲ್ಲು ಹಿಡಿಯೋರು.

ಅಲ್ಲೇ ಹೆಡ್‌ಫೋನ್ ತೆಗೆದೆ.

ಒಂದು ಸಲ ಊರಿಗೆ ಹೋದಾಗ ಅಜ್ಜಿಯನ್ನ ಜಗಲಿ ಮೇಲೆ ಕೂರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದೆ. ಹತ್ತಿರ ಹತ್ತಿರ ಅರ್ಧ ಗಂಟೆ. ಹಾಡಿನ ಮಧ್ಯೆ ಕರು ಕೂಗ್ತಿತ್ತು, ಪಕ್ಕದ ಮನೆ ಕುಕ್ಕರ್ ಸೀಟಿ, ಚಿಕ್ಕವ್ವ ಎಲೆ ಅಡಿಕೆ ಕೇಳೋದು. ಎರಡು ನುಡಿಗೊಮ್ಮೆ ಅಜ್ಜಿ ನಿಲ್ಲಿಸಿ "ಸಾಕೇನ್ಲಾ?" ಅನ್ನೋಳು. ಆಮೇಲೆ ಆ ಪದ ತನಗೆ ಯಾರು ಕಲಿಸಿದ್ದು ಅಂತ ಏನೋ ದೊಡ್ಡ ಕಥೆ ತೆಗೆದಳು. ನಾನು ಮೊಬೈಲಲ್ಲಿ ಬ್ಯಾಟರಿ ಎಷ್ಟಿದೆ ನೋಡ್ತಿದ್ದೆ.

ಬೆಂಗಳೂರಿಗೆ ಬಂದು ಆಡಾಸಿಟಿಗೆ ಹಾಕಿದೆ. ಬಿಇ ಓದಿದ್ದೀವಲ್ಲ! ಗದ್ದಲದ ಒಂದು ತುಣುಕನ್ನ ಸ್ಯಾಂಪಲ್ ಕೊಟ್ಟು, ಹಿಂದಿದ್ದ ಗುಂಯ್ ಸದ್ದನ್ನೆಲ್ಲ ಒರೆಸಿದೆ. ಕರು, ಕುಕ್ಕರ್, ಚಿಕ್ಕವ್ವ, ಮಾತು ಎಲ್ಲಾ ಕಟ್. 3 ನಿಮಿಷ 40 ಸೆಕೆಂಡಿನ ಚೊಕ್ಕ ಹಾಡು. ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಹೊಗಳಿಕೆಯೋ ಹೊಗಳಿಕೆ. ಮೆಮೊರಿ ಫುಲ್ ಅಂತ ಒರಿಜಿನಲ್ ಡಿಲೀಟ್ ಮಾಡಿದೆ. ಕೋಡ್ ಆಗಿದ್ರೆ ಬ್ಯಾಕಪ್ ಇಲ್ಲದೆ ಒಂದು ಸಾಲು ಮುಟ್ಟಲ್ಲ ನಾನು.

ಅಜ್ಜಿ ಹೋಗಿ ಮೂರು ವರ್ಷ. ಈಗ ಆ ಫೈಲ್ ಹಾಕಿದ್ರೆ ದನಿ ಪೈಪಿನೊಳಗಿಂದ ಬಂದ ಹಾಗಿದೆ. ಉಸಿರು ತಗೊಳ್ಳೋ ಜಾಗದಲ್ಲೆಲ್ಲ ಏನೂ ಇಲ್ಲ, ಬರೀ ಖಾಲಿ. ಮೇಬೆಲ್ ಕಾರ್ಟರ್ ಸುತ್ತ ಇದ್ದ ರೂಮು ನನಗೆ ಕೇಳುತ್ತೆ, ನಮ್ಮನೆ ಜಗಲಿ ಕೇಳಲ್ಲ.

ಮೊನ್ನೆ ಚಿಕ್ಕವ್ವನಿಗೆ ಫೋನ್ ಮಾಡಿದ್ದೆ. "ಅಜ್ಜಿಗೆ ಆ ಪದ ಕಲಿಸಿದ್ದು ಯಾರು ಚಿಕ್ಕವ್ವ? ಅವತ್ತು ಹೇಳ್ತಿತ್ತಲ್ಲ?"

"ನಂಗೆಲ್ಲಪ್ಪ ಗ್ಯಾಪ್ಕ?" ಅಂದಳು. "ನೀನೇ ಮೊಬೈಲಿಗೆ ತುಂಬ್ಕಂಡೋದ್ಯಲ್ಲ, ಅದ್ರಲ್ಲೇ ಐತೆ. ಹಾಕ್ಕಂಡು ಕೇಳು."