ಜಂಕ್ಷನ್ನಿನಲ್ಲೊಂದು ಮನೆ

ಚಿಕ್ಕಜಾಜೂರಿನಲ್ಲಿ ಮನೆ ಕೊಂಡೆನೆಂದು ತಿಳಿಸಿದಾಗ ಬೆಂಗಳೂರಿನ ಮಿತ್ರರಲ್ಲಿ ಅನೇಕರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ರೈಲು ಬದಲಾಯಿಸುವುದಲ್ಲದೆ ಬೇರೆ ಏನು ಮಾಡುವುದಕ್ಕಿದೆ?" ಎಂಬುದು. ಅವರ ಪಾಲಿಗೆ ಅದು ಊರಲ್ಲ. ಹುಬ್ಬಳ್ಳಿಯ ದಾರಿಯಲ್ಲಿ ನಡುರಾತ್ರಿ ಕಿಟಕಿಯಾಚೆ ಕಾಣುವ ಒಂದು ಹಳದಿಯ ಹಲಗೆ. ಬಹುಕಾಲ ನನಗೂ ಅದು ಅಷ್ಟೇ ಆಗಿದ್ದಿತು. ನನ್ನ ತಂದೆಯವರು ಚಿತ್ರದುರ್ಗದಲ್ಲಿ ನೌಕರಿಯಲ್ಲಿದ್ದರು; ತಾಯಿಯ ತವರು ಬೆಂಗಳೂರು. 1921ರಲ್ಲಿ ಹಾಕಿದ ಚಿತ್ರದುರ್ಗದ ಶಾಖಾಮಾರ್ಗ ಇಲ್ಲಿಯೇ ದೊಡ್ಡ ದಾರಿಯನ್ನು ಕೂಡುವುದರಿಂದ, ರಜೆ ಬಂದಿತೆಂದರೆ ನಾವು ಮಕ್ಕಳೆಲ್ಲ ಚಿಕ್ಕಜಾಜೂರಿನ ಪ್ಲಾಟ್‌ಫಾರಮಿನ ಮೇಲೆ ಜಮಖಾನ ಹಾಸಿ ಮಲಗಿ, ಮುಂದಿನ ಗಾಡಿಗೆ ಕಾಯುವುದು ವಾಡಿಕೆಯಾಗಿದ್ದಿತು. ಅಂದಿನ ಮೀಟರ್ ಗೇಜಿನ ಉಗಿಬಂಡಿಯ ಕೂಗು, ತಾಯಿಯ ಸೆರಗಿನ ಬುತ್ತಿಯ ವಾಸನೆ, ಕತ್ತಲೆಯಲ್ಲಿ ಯಾರೋ ಕೆಂಪು ದೀಪವನ್ನು ಬೀಸುತ್ತ ಹೋಗುವುದು, ಇಷ್ಟೇ ನಾನು ಕಂಡಿದ್ದ ಚಿಕ್ಕಜಾಜೂರು. ಮನುಷ್ಯನು ಮುಪ್ಪಿನಲ್ಲಿ ಮನೆ ಹುಡುಕಲು ಹೊರಟಾಗ ಅವನ ಕಾಲು ಎತ್ತ ಎಳೆಯುವುದೋ ಹೇಳಲಾಗದು.

2015ರಲ್ಲಿ ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದೆನು. ಅದೇ ವರ್ಷ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನೂ ಕೆಲಸ ಬಿಟ್ಟ ಮೇಲೆ ನೆಲೆಸಲು ಜಾಗ ನೋಡುತ್ತಿದ್ದನು. ಅವನ ಮನಸ್ಸು ಹೋಗಿದ್ದುದು ಮಧ್ಯ ಅಮೆರಿಕದ ಕೋಸ್ಟರೀಕಾ ದೇಶಕ್ಕೆ. ಅಲ್ಲಿ ವರ್ಷದ ಅರ್ಧ ಮಳೆಯಂತೆ. ನಮ್ಮ ಮಲೆನಾಡಿನಂತೆಯೇ ಕಾಫಿ, ಬಾಳೆ. ಆ ದೇಶದವರು ಸೈನ್ಯವನ್ನು 1948ರಲ್ಲಿಯೇ ತೆಗೆದುಹಾಕಿಬಿಟ್ಟರೆಂಬುದನ್ನು ಅವನು ಬಹು ಮೆಚ್ಚಿ ಬರೆದಿದ್ದನು. ಪರದೇಶದವನೂ ಸ್ವಂತ ಹೆಸರಿನಲ್ಲಿ ಮನೆ ಕೊಳ್ಳಬಹುದು. ಪ್ರತಿಯೊಂದು ಆಸ್ತಿಗೂ ರಾಷ್ಟ್ರೀಯ ನೋಂದಣಿ ಕಚೇರಿಯಲ್ಲಿ ಒಂದು ಸಂಖ್ಯೆಯುಂಟು. ಆದರೆ ಸಮುದ್ರದ ದಂಡೆಯ ವಿಷಯ ಮಾತ್ರ ಬೇರೆ. 1977ರ ಕಾನೂನಿನ ಪ್ರಕಾರ ಭರತದ ಗೆರೆಯಿಂದ 200 ಮೀಟರು ಸರ್ಕಾರದ್ದು. ಅದರಲ್ಲಿ ಮೊದಲ 50 ಮೀಟರು ಎಲ್ಲರಿಗೂ ಸೇರಿದ ಬಯಲು, ಉಳಿದ 150 ಮೀಟರಿನಲ್ಲಿ ಕೇವಲ ಗುತ್ತಿಗೆ. ಇದನ್ನರಿಯದೆ ಕಡಲು ಕಾಣುವ ಮನೆಯನ್ನು ಕೊಳ್ಳುವವನು ಗೋಡೆಯನ್ನು ಕೊಂಡಾನು, ನೆಲವನ್ನು ಕೊಳ್ಳಲಾರನು. "ಮಾವ, ಇಲ್ಲಿ ಬೀದಿಗೆ ಹೆಸರಿಟ್ಟು ವಿಳಾಸ ಹೇಳುವವರು ಕಡಮೆ, ಚರ್ಚಿನಿಂದ ದಕ್ಷಿಣಕ್ಕೆ ಇನ್ನೂರು ಮೀಟರು ಎಂದೇ ಬರೆಯುತ್ತಾರೆ" ಎಂದೂ ಅವನು ಬರೆದಿದ್ದನು. ಮುಂದೆ ನಾನು ಅವನಿಗೆ ಕೊಟ್ಟ ನನ್ನ ವಿಳಾಸವೂ ಹೆಚ್ಚು ಭಿನ್ನವಾಗಿರಲಿಲ್ಲ: ಸ್ಟೇಷನ್ನಿನ ಹಿಂದೆ, ಹುಣಿಸೆಮರದ ಎದುರಿಗೆ.

ಆ ಮನೆ ಮಾಳಿಗೆಯದು. ನಮ್ಮ ಜಿಲ್ಲೆಯ ವಾಚಕರಿಗೆ ಅದನ್ನು ವರ್ಣಿಸಬೇಕಾಗಿಲ್ಲವಾದರೂ, ಹಂಚು ತಾರಸಿಗಳ ಕೆಳಗೆ ಹುಟ್ಟಿದ ಎಳೆಯರಿಗಾಗಿ ಎರಡು ಮಾತು. ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ. ಅದರ ಮೇಲೆ ಕಡ್ಡಿ, ಸೊಪ್ಪು, ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಪದರ. ಈ ಕರಲು ಚೌಳು ಗುಣದ ಮಣ್ಣು, ಬೆಳೆಗೆ ಬಾರದು. ಆದರೆ ಮೊದಲ ಹನಿ ಬಿದ್ದೊಡನೆ ಬಿಗಿದುಕೊಂಡು ನೀರನ್ನು ಕೆಳಗಿಳಿಯಗೊಡದು. ಪ್ರತಿವರ್ಷವೂ ಮಳೆಗೆ ಮುಂಚೆ ಹೊಸ ಕರಲನ್ನು ಹರಡಬೇಕು. ನಡುಮನೆಗೆ ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ವೈಶಾಖದ ಮಧ್ಯಾಹ್ನದಲ್ಲಿ ಆ ನಡುಮನೆಯಲ್ಲಿ ಕಾಲಿಟ್ಟಾಗ ನನ್ನ ಹೆಂಡತಿ, "ಇಲ್ಲಿ ಪಂಖವೇ ಬೇಡವಲ್ಲ!" ಎಂದಳು. ನನಗೆ ಅದೇ ಒಪ್ಪಿಗೆಯಾಯಿತು. ಜೊತೆಗೆ ಒಂದು ಎಕರೆ ಅಡಕೆ ತೋಟವನ್ನೂ ಕೊಳ್ಳುವ ಆಸೆ ನನಗಿದ್ದಿತು. ಬೇಸಾಯಗಾರನಲ್ಲದವನಿಗೆ ಭೂಸುಧಾರಣೆಯ ಕಾನೂನು ಆಗ ಅಡ್ಡಬಂದಿತು. 2020ರಲ್ಲಿ ಆ ಅಡ್ಡಿಯನ್ನು ತೆಗೆದರು, ಅಷ್ಟರಲ್ಲಿ ನನ್ನ ಬೆನ್ನು ತೋಟವನ್ನು ಬೇಡವೆಂದಿತು.

ಮನೆ ಇಬ್ಬರು ಅಣ್ಣತಮ್ಮಂದಿರದು. ತಂದೆತಾಯಿಗಳು ತೀರಿಹೋಗಿದ್ದರು. ಪಡಸಾಲೆಯ ಗೋಡೆಯ ಮೇಲೆ ಒಂದು ಹಳೆಯ ಛಾಯಾಚಿತ್ರ: ಕುರ್ಚಿಯ ಮೇಲೆ ತಂದೆ ತಾಯಿ, ಇಕ್ಕೆಲಗಳಲ್ಲಿ ಇಬ್ಬರು ಹುಡುಗರು, ತಂದೆಯ ಮೊಣಕಾಲಿಗೆ ಒರಗಿ ಎರಡು ಜಡೆಯ ಒಬ್ಬ ಹುಡುಗಿ. "ಇದು ಯಾರು?" ಎಂದು ಕೇಳಿದೆನು. "ತಂಗಿ. ಹೊಸದುರ್ಗದ ಕಡೆ ಕೊಟ್ಟೀವಿ" ಎಂದರು. ನಾನು ಮುಂದೆ ಕೇಳಲಿಲ್ಲ. ಈ ಲೇಖನವನ್ನು ಬರೆಯುತ್ತಿರುವುದೇ ಆ ಕೇಳದಿದ್ದ ಪ್ರಶ್ನೆಯ ಸಲುವಾಗಿ. ಕೇಳಿದರೆ ಏನು ಉತ್ತರ ಬರುವುದೆಂಬುದು ನನಗೆ ಚೆನ್ನಾಗಿ ಗೊತ್ತಿದ್ದಿತು. ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿಯನ್ನು ಪಾಠ ಹೇಳಿದವನು ನಾನು. ಮನೆ ಕೈತಪ್ಪಿಹೋದೀತೆಂಬ ಭಯ ಬಾಯಿ ಕಟ್ಟಿತು. ಇನ್ನೂ ನಾಚಿಕೆಯ ಮಾತೆಂದರೆ, ಬೆಲೆಯಲ್ಲಿ ಒಂದು ಭಾಗವನ್ನು ಪತ್ರದಲ್ಲಿ ತೋರಿಸದೆ ನಗದಾಗಿ ಕೊಡುವುದಕ್ಕೂ ಒಪ್ಪಿದ್ದೆನು. ದಲ್ಲಾಳಿ "ಎಲ್ಲರೂ ಮಾಡೋದೇ ಮೇಷ್ಟ್ರೇ" ಎಂದನು. ಎಲ್ಲರಲ್ಲಿ ನಾನೂ ಒಬ್ಬನಾದೆನು.

2016ರ ನವೆಂಬರ್ 8ರ ರಾತ್ರಿ ಐನೂರು ಸಾವಿರದ ನೋಟುಗಳು ರದ್ದಾದವು. ಆ ಮಹಾಕಾರ್ಯದಿಂದ ದೇಶಕ್ಕೆ ಆದ ಲಾಭನಷ್ಟಗಳನ್ನು ಬಲ್ಲವರು ಹೇಳಲಿ. ನಮ್ಮ ಚಿಕ್ಕ ವ್ಯವಹಾರದಲ್ಲಿ ಅದು ಮುಚ್ಚಿದ್ದುದನ್ನೆಲ್ಲ ಬಯಲಿಗೆ ತಂದಿತು. ಬ್ಯಾಗಿನಲ್ಲಿ ಹೋಗಬೇಕಾಗಿದ್ದ ಹಣ ಬ್ಯಾಂಕಿನ ಡ್ರಾಫ್ಟಿನಲ್ಲಿ ಹೋಗಬೇಕಾಯಿತು. ಪೂರ್ತಿ ಮೊತ್ತವನ್ನು ಪತ್ರದಲ್ಲಿ ಬರೆಯುವುದಾದ ಮೇಲೆ, ಪತ್ರ ಗಟ್ಟಿಯಾಗಿರಲೆಂದು ಚಿತ್ರದುರ್ಗದ ಒಬ್ಬ ವಕೀಲರಲ್ಲಿಗೆ ಹೋದೆನು. ಪಂಚಾಯಿತಿಯ ನಮೂನೆ 9, ನಮೂನೆ 11, ಋಣಭಾರದ ಪ್ರಮಾಣಪತ್ರ, ಎಲ್ಲವನ್ನೂ ಅವರು ತಿರುವಿಹಾಕಿ, "ವಂಶವೃಕ್ಷ ಎಲ್ಲಿ?" ಎಂದರು. ವಂಶವೃಕ್ಷ ಬಂದಿತು. ಅದರಲ್ಲಿ ಮೂರು ಕೊಂಬೆಗಳಿದ್ದವು.

ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಉಯಿಲು ಬರೆಯದೆ ತೀರಿಕೊಂಡಿದ್ದರು. ಅಂತಹ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಮಗಳಿಗೂ ಮಗನಷ್ಟೇ ಪಾಲು. ಆದರೆ ವಾಸದ ಮನೆಯ ಮಟ್ಟಿಗೆ ಅದೇ ಕಾನೂನಿನ 23ನೆಯ ಪ್ರಕರಣ ಒಂದು ಬೀಗ ಹಾಕಿತ್ತು: ಗಂಡುಮಕ್ಕಳು ಹಂಚಿಕೊಳ್ಳಲು ಮನಸ್ಸು ಮಾಡುವ ತನಕ ಹೆಣ್ಣುಮಕ್ಕಳು ಪಾಲನ್ನು ಕೇಳುವಂತಿರಲಿಲ್ಲ. ಆ ಬೀಗವನ್ನು 2005ರಲ್ಲಿ ತೆಗೆದರು. ಊರಿನಲ್ಲಿ ಇದು ಯಾರಿಗೂ ತಿಳಿಯದ ಸಂಗತಿಯಲ್ಲ. ತಿಳಿದೇ ಅರಿಸಿನ ಕುಂಕುಮ ಕೊಟ್ಟು, ಒಂದು ಸೀರೆ ಉಡಿಸಿ, ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡುಬಿಡುತ್ತಾರೆ. ಅಣ್ಣತಮ್ಮಂದಿರೂ ಅದನ್ನೇ ಯೋಚಿಸಿದರು. ತಂಗಿ ಒಪ್ಪಲಿಲ್ಲ. ಅವರಿಂದಾಗದ ಮೇಲೆ, "ನೀವು ಓದಿದೋರು, ನೀವು ಹೇಳಿದ್ರೆ ಕೇಳ್ತಾಳೆ" ಎಂದು ನನ್ನನ್ನು ಹೊಸದುರ್ಗದ ಕಡೆಗೆ ಕಳುಹಿಸಿದರು.

ಆಕೆ ಐವತ್ತು ದಾಟಿದ ಹೆಂಗಸು. ತೆಂಗಿನ ತೋಟದ ನಡುವೆ ಒಂದು ಚಿಕ್ಕ ಮನೆ. ನನಗೆ ಮಜ್ಜಿಗೆ ಕೊಟ್ಟು, ತಾನು ಕಂಬಕ್ಕೆ ಒರಗಿ ನಿಂತು, ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಆಲಿಸಿದಳು. ಬಳಿಕ ಕೇಳಿದಳು: "ನಡುಮನೆ ಬೆಳಕಿಂಡಿ ಹತ್ರ ಈಗಲೂ ಸೋರ್ತದಾ, ಮೇಷ್ಟ್ರೇ?" ನನಗೆ ಗೊತ್ತಿರಲಿಲ್ಲ. "ಸೋರ್ತದೆ. ಅಪ್ಪ ಇರೋವಾಗ ಅಲ್ಲಿ ಕೊಳಗ ಇಡೋದು ನನ್ನ ಕೆಲಸ. ಅಪ್ಪ ಕೊನೇ ಎರಡು ವರ್ಷ ಇದ್ದದ್ದೂ ಇಲ್ಲೇ, ಈ ಮನೇಲಿ. ಸೈನು ಮಾಡ್ತೀನಿ. ಆದರೆ ಬಿಟ್ಟುಕೊಟ್ಟೆ ಅಂತ ಬರೆದ್ರೆ ಮಾಡಲ್ಲ. ಮಾರಿದೆ ಅಂತ ಬರೀರಿ."

ಹಣದ ಮಾತು ಅದರಲ್ಲಿ ಇರಲಿಲ್ಲವೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಇದ್ದಿತು. ಮೂರರಲ್ಲಿ ಒಂದು ಪಾಲು ತನ್ನ ಹೆಸರಿನ ಡ್ರಾಫ್ಟಿನಲ್ಲಿಯೇ ಬರಬೇಕೆಂದಳು. ಒಂದು ರೂಪಾಯಿಯನ್ನೂ ಬಿಡಲಿಲ್ಲ. ನಾನು ಚಿಕ್ಕಜಾಜೂರಿಗೆ ಮರಳಿ, ಆಕೆ ಮಾರುವವಳಾಗಿ ಪತ್ರದಲ್ಲಿ ಸೇರದ ಹೊರತು ಮನೆ ಕೊಳ್ಳೆನೆಂದು ಹೇಳಿದೆನು. ಇದು ಧೈರ್ಯವೆಂದು ಯಾರೂ ತಿಳಿಯಬಾರದು. ಅಷ್ಟು ಹೊತ್ತಿಗೆ ವಕೀಲರೂ ಅದನ್ನೇ ಹೇಳಿಬಿಟ್ಟಿದ್ದರು. 2017ರ ಫೆಬ್ರವರಿಯಲ್ಲಿ ಹೊಳಲ್ಕೆರೆಯಲ್ಲಿ ಪತ್ರ ನೋಂದಣಿಯಾಯಿತು. ಮೂವರೂ ಬಂದರು. ಛಾಯಾಚಿತ್ರದ ಪೆಟ್ಟಿಗೆಯ ಮುಂದೆ ಒಬ್ಬರಾದ ಮೇಲೊಬ್ಬರು ಕುಳಿತರು, ಹೆಬ್ಬೆಟ್ಟೊತ್ತಿದರು, ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಹಿರಿಯವನು ನನ್ನ ಕಡೆಗೆ ತಿರುಗಿ, "ನಿಮಗೆ ಮನೆ ಆಯ್ತು, ನಮಗೆ ತಂಗಿ ಹೋದ್ಲು" ಎಂದನು. ಆ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಬಹಳ ಹೊತ್ತು ಕುಳಿತಿದ್ದೆವು. ತಲೆಯ ಮೇಲೆ ಸೂರೇ ಇಲ್ಲದ ದೇವರು. "ಇವನಿಗೆ ಖಾತೆಯ ತೊಂದರೆ ಇಲ್ಲ" ಎಂದಳು ಆಕೆ. ನನಗೆ ನಗು ಬರಲಿಲ್ಲ.

ಆ ವರ್ಷವೆಲ್ಲ ನಾವು ಊರಿನಲ್ಲಿದ್ದೂ ಊರಿನವರಾಗಲಿಲ್ಲ. ಯಾರೂ ಕೆಟ್ಟ ಮಾತನ್ನಾಡಲಿಲ್ಲ. ಅಂಗಡಿಯವನು ಸಾಮಾನು ಕೊಟ್ಟನು. ಹಾಲಿನವಳು ಹಾಲು ತಂದಳು. ಆದರೆ ನಾವು ಬಂದೊಡನೆ ಜಗುಲಿಯ ಮಾತು ನಿಲ್ಲುತ್ತಿದ್ದಿತು. ಅಣ್ಣತಂಗಿಯರನ್ನು ಅಗಲಿಸಿದವರೆಂಬ ಹೆಸರು ನಮಗಿಂತ ಮುಂಚೆ ಎಲ್ಲ ಮನೆಗಳಿಗೂ ಹೋಗಿ ಕುಳಿತಿದ್ದಿತು. ಏಪ್ರಿಲ್ ತಿಂಗಳಲ್ಲಿ ಕರಲು ಹಾಕಿಸಬೇಕೆಂದು ಆಳುಗಳನ್ನು ಕೇಳಿದೆನು. ಪ್ರತಿಯೊಬ್ಬನಿಗೂ ಅಂದೇ ಬೇರೆ ಕೆಲಸವಿದ್ದಿತು. ಕೊನೆಗೆ ಒಂದು ಟ್ರ್ಯಾಕ್ಟರು ಮಣ್ಣು ತರಿಸಿ, ಅರುವತ್ತೆರಡನೆಯ ವಯಸ್ಸಿನಲ್ಲಿ ನಾನೇ ಬಾಂಡಲಿಯನ್ನು ಹೊತ್ತು ಏಣಿ ಹತ್ತಿದೆನು. ಆರನೆಯ ಬಾಂಡಲಿಗೆ ಕೆಳಗಿನಿಂದ ಒಂದು ದನಿ: "ಹಂಗೆ ಗುಡ್ಡೆ ಹಾಕಿದ್ರೆ ತೊಲೆ ಮುರೀತದೆ." ಹಿರಿಯ ಅಣ್ಣ ನಿಂತಿದ್ದನು. ಮೇಲೆ ಹತ್ತಿ ಬಂದು, ನನ್ನ ಕೈಯಿಂದ ಸಲಿಕೆಯನ್ನು ಕಸಿದುಕೊಂಡು, ಮಣ್ಣನ್ನು ದೋಣಿಯ ಕಡೆಗೆ ಇಳಿಜಾರಾಗಿ ಹರಡುತ್ತಹೋದನು. ನನಗಾಗಿ ಅಲ್ಲ, ತೊಲೆಗಾಗಿ. ಸಂಜೆ ಕೂಲಿ ಕೊಡಹೋದರೆ ಮುಖ ತಿರುಗಿಸಿ ಹೋದನು. ಮರುವರ್ಷ ಕರೆಯದೆಯೇ ಬಂದನು. ಆಮೇಲೆ ಪ್ರತಿವರ್ಷವೂ ಬಂದನು, ಕಾಫಿ ಕುಡಿದುಹೋಗುವಷ್ಟಾದನು. ತಂಗಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

2022ರ ಮಳೆ ಈ ಸೀಮೆಯವರೆಲ್ಲ ನೆನೆಯುವಂಥದು. 1933ರ ತರುವಾಯ ಒಮ್ಮೆಯೂ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರ ಆ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. ಮಾರಿಕಣಿವೆಗೆ ಜನ ಜಾತ್ರೆಯಂತೆ ಹೋದರು. ನಮ್ಮ ಮಾಳಿಗೆ ತಡೆಯಿತು, ಒಂದು ಕಡೆಯ ವಿನಾ. ಆ ದಿನಗಳಲ್ಲೊಂದು ಬೆಳಗ್ಗೆ ಬಾಗಿಲಲ್ಲಿ ಸದ್ದಾಯಿತು. ನೆನೆದ ಕೊಡೆಯನ್ನು ಹೊರಗಿಟ್ಟು ಆಕೆ ಒಳಗೆ ಬಂದಳು. ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದಾಳಂತೆ, ಗಾಡಿ ಎರಡು ಗಂಟೆ ತಡವಂತೆ. ಪಡಸಾಲೆಯಲ್ಲಿ ಅಣ್ಣ ಕಾಫಿಯ ಲೋಟವನ್ನು ಹಿಡಿದು ಕುಳಿತಿದ್ದನು. ಆಕೆ ಅವನನ್ನು ನೋಡಿದಳು, ನಿಲ್ಲಲಿಲ್ಲ. ನೇರವಾಗಿ ನಡುಮನೆಗೆ ಹೋಗಿ ಬೆಳಕಿಂಡಿಯ ಕೆಳಗೆ ನಿಂತು ಮೇಲೆ ನೋಡಿದಳು. ಅಲ್ಲಿ ನನ್ನ ಹೆಂಡತಿ ಒಂದು ಬಕೆಟ್ಟನ್ನಿಟ್ಟಿದ್ದಳು.

"ಇನ್ನೂ ಸೋರ್ತದಲ್ಲ" ಎಂದಳು, ಯಾರಿಗೂ ಹೇಳದವಳಂತೆ.

ಪಡಸಾಲೆಯಿಂದ ಅಣ್ಣ, ಕಂಬದ ಕಡೆಗೆ ಮುಖ ಮಾಡಿಕೊಂಡೇ, "ಅದು ಕರಲಿನ ತಪ್ಪಲ್ಲ. ಅಪ್ಪ ಚೌಕಟ್ಟನ್ನೇ ವಾರೆ ಇಟ್ಟಿದ್ದ" ಎಂದನು.

"ಅಪ್ಪ ಅಲ್ಲ, ನೀನು ಇಟ್ಟಿದ್ದು. ಅಪ್ಪ ಬೇಡ ಅಂದಿದ್ದ" ಎಂದಳು ಆಕೆ.

ನನ್ನ ಹೆಂಡತಿ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದಳು.