ನಡೆದು ದಾಟಬಹುದೇ?

ಮುಂಬಯಿಗೆ ಬಂದ ನೆಂಟರನ್ನು ಬಾಂದ್ರಾ–ವರ್ಲಿ ಸಮುದ್ರ ಸೇತುವೆಯ ಮೇಲೆ ಕರೆದೊಯ್ಯುವುದು ನಮ್ಮಂಥ ಹೊರನಾಡಿಗರ ಆತಿಥ್ಯದ ಒಂದು ವಿಧಿಯೇ ಆಗಿದೆ. ಕೆಲ ವರ್ಷಗಳ ಹಿಂದೆ ಅಪ್ಪಯ್ಯ ಕಣ್ಣಿನ ಚಿಕಿತ್ಸೆಗೆಂದು ಬಂದಾಗ ನಾವೂ ಅದನ್ನು ತಪ್ಪಿಸಲಿಲ್ಲ.

ಟೋಲ್ ಕೊಟ್ಟು ಟ್ಯಾಕ್ಸಿ ಸೇತುವೆಯೇರಿದೊಡನೆ ನಮ್ಮ ವಿವರಣೆಯೂ ಆರಂಭವಾಯಿತು. ಉದ್ದ 5.6 ಕಿಲೋಮೀಟರ್, ಎಂಟು ಪಥ, ಉದ್ಘಾಟನೆ 2009ರ ಜೂನ್ 30. ಬಾಂದ್ರಾ ಸಾಷ್ಟಿ ದ್ವೀಪಕ್ಕೆ ಸೇರಿದ್ದು. ವರ್ಲಿಯು ಹಿಂದಿನ ಏಳು ದ್ವೀಪಗಳಲ್ಲಿ ಒಂದು. ನಡುವೆ ಮಾಹಿಮ್ ಕೊಲ್ಲಿ. ಬಾಂದ್ರಾ ಕಡೆಯ ಗೋಪುರದ ಎತ್ತರ 120 ಮೀಟರಿಗೂ ಮಿಕ್ಕದ್ದು. ಅದರ ಎರಡೂ ಬದಿಗೆ 250 ಮೀಟರ್ ಉದ್ದದ ರಸ್ತೆಯನ್ನು ಉಕ್ಕಿನ ಕೇಬಲ್‌ಗಳು ಎತ್ತಿ ಹಿಡಿದಿವೆ. ಒಂದು ಬದಿಯ ಎಳೆತವನ್ನು ಇನ್ನೊಂದು ಬದಿಯ ಎಳೆತ ತಕ್ಕಡಿಯಂತೆ ಸರಿದೂಗಿಸುತ್ತದೆ.

ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು, "ಇದರ ಮೇಲೆ ನಡ್ಕಂಡು ಹೋಗ್ಬಹುದಾ?" ಎಂದರು.

ಪಾದಚಾರಿಗಳಿಗೆ, ಬೈಕು, ರಿಕ್ಷಾಗಳಿಗೆ ಪ್ರವೇಶವಿಲ್ಲವೆಂದೆವು.

"ನಮ್ಮ ಲಾಂಚಲ್ಲಿ ಎಮ್ಮೇನೂ ಬರ್ತಿತ್ತು" ಎಂದು ಅವರು ಕಿಟಕಿಯತ್ತ ತಿರುಗಿದರು.

ನಮ್ಮೂರು ಶರಾವತಿಯ ಹಿನ್ನೀರಿನಾಚೆ, ತುಮರಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಸಾಗರದ ನೇರ ದಾರಿ ನೀರಿನಡಿ ಸೇರಿತು. ದಿಬ್ಬಣ, ಅಡಿಕೆ ಮೂಟೆ, ರೋಗಿ ಎಲ್ಲವೂ ಲಾಂಚನ್ನೇ ನಂಬಬೇಕಿತ್ತು. ಅಮ್ಮನಿಗೆ ಎದೆನೋವು ಬಂದ ಸಂಜೆ ಕೊನೆಯ ಲಾಂಚ್ ಹೋಗಿಯಾಗಿತ್ತು. ಸುತ್ತುಬಳಸಿನ ಕಾಡುದಾರಿಗೆ ಜೀಪು ಸಿಗಲಿಲ್ಲ. ಬೆಳಗಿನ ಮೊದಲ ಲಾಂಚ್ ಬರುವವರೆಗೆ ಅವಳು ಉಳಿಯಲಿಲ್ಲ. ಆಗ ನಾವು ಮುಂಬಯಿಯಲ್ಲಿದ್ದೆವು. ಸುದ್ದಿ ಮಾತ್ರ ನೀರು ದಾಟಿ ನಮ್ಮನ್ನು ತಲುಪಿತ್ತು. ಸೇತುವೆಯ ಲೆಕ್ಕಗಳನ್ನು ಅಪ್ಪಯ್ಯನಿಗೆ ಒಪ್ಪಿಸುವಾಗ ಇದು ನಮಗೆ ನೆನಪಾಗಲಿಲ್ಲವೆಂಬ ನಾಚಿಕೆ ಇಂದಿಗೂ ಇದೆ.

ಮರಳುವಾಗ ಟ್ಯಾಕ್ಸಿಯವನಿಗೆ ಮಾಹಿಮ್ ಕಾಸ್‌ವೇ ಮೂಲಕ ಹೋಗಲು ಹೇಳಿದೆವು. ಇದೇ ಕೊಲ್ಲಿಯ ಒಳಅಂಚಿನಲ್ಲಿ, ಮಾಹಿಮ್ ಮತ್ತು ಸಾಷ್ಟಿಯನ್ನು 1845ರಲ್ಲಿ ಜೋಡಿಸಿದ ಹಳೆಯ ದಾರಿಯದು. ದೋಣಿಯಲ್ಲಿ ದಾಟುವವರ ಪಾಡು ಕಂಡು ಅದಕ್ಕೆ 1,57,000 ರೂಪಾಯಿ ಕೊಟ್ಟವರು ಅವಾಬಾಯಿ ಜಮ್‌ಶೇಟ್‌ಜೀ. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬುದು ಅವರ ಷರತ್ತಾಗಿತ್ತೆಂದು ಹೇಳುತ್ತಾರೆ. ವಾಹನಗಳ ದಟ್ಟಣೆಯಲ್ಲಿ ನಮ್ಮ ಟ್ಯಾಕ್ಸಿ ನಿಂತೇ ಇತ್ತು. ಪಕ್ಕದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮನ್ನು ಹಿಂದಿಕ್ಕಿ ನಡೆದುಹೋದಳು. ಅಪ್ಪಯ್ಯ ಅವಳನ್ನೇ ನೋಡುತ್ತಿದ್ದರು.

ಸಮುದ್ರ ಸೇತುವೆಯನ್ನು ನಾವು ಹಳಿಯಲಾರೆವು. ಆಂಬ್ಯುಲೆನ್ಸೊಂದು ನಿಮಿಷಗಳಲ್ಲಿ ಕೊಲ್ಲಿ ದಾಟುವುದರ ಬೆಲೆ ನಮ್ಮ ಮನೆಗೆ ಗೊತ್ತು. ಆದರೆ ಅಪ್ಪಯ್ಯನ ಪ್ರಶ್ನೆಯ ಮುಂದೆ ನಮ್ಮ ಅಂಕಿಅಂಶಗಳು ಅಂದು ಹಗುರವಾದದ್ದು ನಿಜ.

2025ರ ಜುಲೈನಲ್ಲಿ ನಮ್ಮ ಹಿನ್ನೀರಿನ ಮೇಲೂ ಕೇಬಲ್ ಸೇತುವೆ ತೆರೆಯಿತು. ಅಪ್ಪಯ್ಯ ಫೋನ್ ಮಾಡಿದರು. ಕೊಡೆ ಹಿಡಿದು ನಡುಭಾಗದವರೆಗೆ ನಡೆದು, ಸ್ವಲ್ಪ ಹೊತ್ತು ನಿಂತು ಬಂದರಂತೆ.

ಆಚೆ ದಡಕ್ಕೆ ಯಾಕೆ ಹೋಗಲಿಲ್ಲವೆಂದು ಕೇಳಿದೆವು.

"ಈಗ ಯಾವಾಗ ಬೇಕಾದ್ರೂ ಹೋಗ್ಬಹುದಲ್ಲ" ಎಂದರು.