ನೋವು ಅಡಗಿದ ದಿನಗಳು

ನೋವು ಅಡಗಿದೊಡನೆ ರೋಗವೂ ತೊಲಗಿತೆಂದು ನಂಬುವುದು ಮನುಷ್ಯಸಹಜವಾದ ದೌರ್ಬಲ್ಯ. ನಾನೂ ಅದಕ್ಕೆ ಹೊರತಾಗಿರಲಿಲ್ಲ.

ನನ್ನ ಅರುವತ್ತೆಂಟನೆಯ ವಯಸ್ಸಿನಲ್ಲಿ ಬಲಸೊಂಟದ ಕೀಲು ಸವೆಯಿತು. ಪ್ರಸಾದನಿಲಯದ ದಿನಗಳಿಂದಲೂ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಂಡವನಿಗೆ ಕಾಲು ಮಡಿಸುವುದೇ ಅಸಾಧ್ಯವಾಯಿತು. ವೈದ್ಯರು ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡುತ್ತ, ಕೀಲಿನೊಳಕ್ಕೆ ಕಾರ್ಟಿಕೋಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರು. ವಾರದೊಳಗೆ ಊರುಗೋಲನ್ನು ಮೂಲೆಗಿಟ್ಟೆನು. ಅವರು ಕಲಿಸಿದ್ದ ವ್ಯಾಯಾಮಗಳನ್ನೂ ಅದರೊಡನೆಯೇ ಮೂಲೆಗಿಟ್ಟೆನು.

ಈ ಔಷಧದ ಹಿರಿಮೆ ಸಣ್ಣದಲ್ಲ. 1948ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಉರಿಯೂತದ ಸಂಧಿವಾತದಿಂದ ಬಳಲುತ್ತಿದ್ದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ, ಆಕೆ ಕೆಲವೇ ದಿನಗಳಲ್ಲಿ ಸರಾಗವಾಗಿ ನಡೆದಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಮದ್ದು ಉರಿಯೂತವನ್ನು ಶಮನಗೊಳಿಸುವುದೇ ಹೊರತು, ಸವೆದ ಮೃದ್ವಸ್ಥಿಯನ್ನು ಬೆಳೆಸಲಾರದು. 2022ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸಂಶೋಧನೆಯೊಂದರಲ್ಲಿ, ಸೊಂಟದ ಕೀಲು ಸವೆದ 199 ಜನರನ್ನು ಪರೀಕ್ಷಿಸಲಾಯಿತು. ಚುಚ್ಚುಮದ್ದು ಪಡೆದವರಿಗೆ ಆರು ತಿಂಗಳ ಅವಧಿಯಲ್ಲಿ ಹೆಚ್ಚಿನ ಉಪಶಮನ ಕಂಡಿತು. ಮೊಣಕಾಲಿನ ವಿಷಯದಲ್ಲಿ 2017ರ ಅಮೆರಿಕೆಯ ಸಂಶೋಧನೆ ಬೇರೊಂದು ಎಚ್ಚರಿಕೆ ಕೊಟ್ಟಿದೆ: ಹನ್ನೆರಡು ವಾರಗಳಿಗೊಮ್ಮೆ ಎರಡು ವರ್ಷ ಚುಚ್ಚಿಸಿಕೊಂಡವರಲ್ಲಿ, ಬರಿಯ ಉಪ್ಪುನೀರನ್ನು ಪಡೆದವರಿಗಿಂತ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವು ಮಾತ್ರ ಅವರಿಗಿಂತ ಕಡಿಮೆಯಾಗಿರಲಿಲ್ಲ.

ಇದಾವುದನ್ನೂ ಅರಿಯದ ನಾನು, ಐದನೆಯ ತಿಂಗಳು ನೋವು ಮರಳಿದಾಗ ಬೇರೊಂದು ಊರಿಗೆ ಹೋಗಿ ಗುಟ್ಟಾಗಿ ಮತ್ತೊಂದು ಚುಚ್ಚುಮದ್ದು ಹಾಕಿಸಿಕೊಂಡೆನು. ಅದರ ಪ್ರಭಾವ ಒಂದೇ ತಿಂಗಳಿಗೆ ಇಳಿಯಿತು. ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. “ಇತ್ತೀಚೆಗೆ ಕೀಲಿಗೆ ಚುಚ್ಚುಮದ್ದು ಹಾಕಿಸಿಕೊಂಡಿದ್ದೀರಾ?” ಎಂದು ಶಸ್ತ್ರವೈದ್ಯರು ಕೇಳಿದರು. ‘ಇಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ನನ್ನ ಧರ್ಮಪತ್ನಿ ಸುಮ್ಮನೆ ನನ್ನ ಮುಖವನ್ನು ನೋಡಿದಳು. ನಿಜವನ್ನು ಹೇಳಿಬಿಟ್ಟೆನು.

ವೈದ್ಯರು ಸಿಟ್ಟಾಗಲಿಲ್ಲ, ದಿನವನ್ನು ಮುಂದೂಡಿದರು. ಚುಚ್ಚುಮದ್ದಾದ ಮೂರು ತಿಂಗಳೊಳಗೆ ಶಸ್ತ್ರಕ್ರಿಯೆ ನಡೆದರೆ ಹೊಸ ಕೀಲಿಗೆ ನಂಜೇರುವ ಭಯ ಹೆಚ್ಚೆಂದು ತಿಳಿಸಿದರು. ಹಾಗೆ ನಂಜೇರಿದರೆ ಜೋಡಿಸಿದ ಕೀಲನ್ನೇ ತೆಗೆಯಬೇಕಾಗಬಹುದಂತೆ! ಕಾಯುವ ಆ ದಿನಗಳಲ್ಲಿ, ಮೂಲೆಗಿಟ್ಟಿದ್ದ ವ್ಯಾಯಾಮಗಳನ್ನು ನೋವು ಸಹಿಸಿಕೊಂಡೇ ಮಾಡಿದೆನು. ನೋವಿಲ್ಲದ ತಿಂಗಳುಗಳಲ್ಲಿ ಅವು ಎಷ್ಟು ಸುಲಭವಾಗಿದ್ದವು!

ಈಗ ಹೊಸ ಕೀಲಿನಿಂದ ನಡೆದಾಡುತ್ತಿದ್ದೇನೆ. ವಾಚಕರೇ, ನಿಮಗೂ ಈ ಮದ್ದು ದೊರೆತರೆ ಅದನ್ನು ತಿರಸ್ಕರಿಸಬೇಡಿರಿ. ಅದು ಕೊಡುವ ಬಿಡುವನ್ನು ಕಾಲಿನ ಬಲವರ್ಧನೆಗೆ ಬಳಸಿಕೊಳ್ಳಿರಿ. ವೈದ್ಯರಲ್ಲಿ ಮಾತ್ರ ಏನನ್ನೂ ಮುಚ್ಚಿಡಬೇಡಿರಿ.